ಬ್ಯಾಂಡ್ ಸೇರುವ ಮುನ್ನ ಒಂದು ಲೆಕ್ಕ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದು ರೂಢಿ ಇದೆ. ಫ್ರೆಷರ್ಸ್ ಡೇ ಮುಗಿದ ವಾರದೊಳಗೆ ಸೀನಿಯರ್ ಯಾರಾದರೂ ಬಂದು, ‘ಕೀಬೋರ್ಡ್ ನುಡಿಸ್ತೀಯಂತೆ, ನಮ್ಮ ಬ್ಯಾಂಡ್‌ಗೆ ಬರ್ತೀಯಾ?’ ಎಂದು ಕೇಳುತ್ತಾರೆ. ಕೇಳಿಸಿಕೊಂಡವರ ಮುಖ ಅರಳುತ್ತದೆ. ಯಾವ ಹಾಡು, ಯಾವ ಫೆಸ್ಟ್, ಬ್ಯಾಂಡ್‌ಗೆ ಏನು ಹೆಸರು ಎಂದೆಲ್ಲ ಮಾತಾಗುತ್ತದೆ. ‘ತಿಂಗಳಿಗೆ ಎಷ್ಟು ಖರ್ಚಾಗುತ್ತೆ?’ ಎಂದು ಯಾರಾದರೂ ತಿರುಗಿ ಕೇಳಿದ್ದನ್ನು ಮಾತ್ರ ನಾನು ಇವತ್ತಿನವರೆಗೂ ನೋಡಿಲ್ಲ.

ನನಗೀಗ ಇಪ್ಪತ್ತು. ಬೆಂಗಳೂರಿನಲ್ಲಿ ಬಿ.ಇ ಮೂರನೇ ವರ್ಷ ಓದುತ್ತಿದ್ದೇನೆ. ಐದು ಜನರ ಕನ್ನಡ ಬ್ಯಾಂಡ್ ಒಂದರಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಊರಲ್ಲಿ ಅಪ್ಪನದು ದಿನಸಿ ಅಂಗಡಿ. ಖಾತೆ ಪುಸ್ತಕ ನೋಡಿಕೊಂಡೇ ಬೆಳೆದಿದ್ದರಿಂದ ಬ್ಯಾಂಡಿನ ಜಮಾ-ಖರ್ಚು ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ‘ನುಡಿಸು, ಬೇಡ ಅನ್ನಲ್ಲ. ಆದರೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಬರೆದಿಡು’ ಎಂದು ಅಪ್ಪ ಹೇಳಿದ್ದು ಅಷ್ಟೇ. ಹಾಗೆ ಬರೆದಿಟ್ಟ ಒಂದು ವರ್ಷದ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಒಂದು ವರ್ಷದ ಜಮಾ-ಖರ್ಚು

ಮೊದಲು ಖರ್ಚು. ಹಾಸ್ಟೆಲ್‌ನಲ್ಲಿ ಡ್ರಮ್ಸ್ ಬಾರಿಸಲು ಬಿಡುವುದಿಲ್ಲ, ಪಿ.ಜಿಯಲ್ಲಂತೂ ಕೇಳುವುದೇ ಬೇಡ. ಹಾಗಾಗಿ ಅಭ್ಯಾಸಕ್ಕೆ ಜ್ಯಾಮ್ ರೂಮ್ ಬಾಡಿಗೆಗೆ ಹಿಡಿಯಬೇಕು. ನಮ್ಮದಕ್ಕೆ ಗಂಟೆಗೆ ₹500. ವಾರಕ್ಕೊಮ್ಮೆ ಎರಡು ಗಂಟೆ, ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ 40 ವಾರ: ₹40,000. ಒಂದು ಹಾಡಿನ ರೆಕಾರ್ಡಿಂಗ್, ಮಿಕ್ಸಿಂಗ್, ಮಾಸ್ಟರಿಂಗ್, ಆ್ಯಪ್‌ಗಳಿಗೆ ಹಾಡು ತಲುಪಿಸುವವರ ಶುಲ್ಕ ಎಲ್ಲ ಸೇರಿ ₹32,000. ಹುಬ್ಬಳ್ಳಿ, ಮಂಗಳೂರು, ಮೈಸೂರು ಅಂತ ಫೆಸ್ಟ್‌ಗಳಿಗೆ ಓಡಾಡಿದ ಬಸ್ಸು, ರೈಲು, ಊಟ ₹31,500. ತಂತಿ, ಡ್ರಮ್ ಸ್ಟಿಕ್, ಕೇಬಲ್, ರಿಪೇರಿ ₹14,000. ವಾದ್ಯ ಸಾಗಿಸಲು ಗೂಡ್ಸ್ ಆಟೊ ₹7,000. ಸ್ಪರ್ಧೆಗಳ ಪ್ರವೇಶ ಶುಲ್ಕ ₹4,500. ಒಟ್ಟು ₹1,29,000.

ಇನ್ನು ಆದಾಯ. ಫೆಸ್ಟ್‌ಗಳಲ್ಲಿ ಗೆದ್ದ ಬಹುಮಾನ ₹38,000. ಕೆಫೆಗಳಲ್ಲಿ ನಾಲ್ಕು ಸಂಜೆ ನುಡಿಸಿದ್ದಕ್ಕೆ ₹24,000. ಅಪಾರ್ಟ್‌ಮೆಂಟ್ ಒಂದರ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ₹25,000. ಕಾಗದದ ಮೇಲೆ ₹87,000. ಕೈಗೆ ಬಂದದ್ದು ₹75,000 ಮಾತ್ರ. ಕಾಲೇಜೊಂದರ ಫೆಸ್ಟ್‌ನಲ್ಲಿ ನಮಗೆ ಬಂದ ಮೊದಲ ಬಹುಮಾನ ₹12,000 ಇನ್ನೂ ‘ಪ್ರೊಸೆಸ್‌ನಲ್ಲಿದೆ’. ವೇದಿಕೆಯಲ್ಲಿ ನಮ್ಮ ಕೈಗೆ ಕೊಟ್ಟ ಹಲಗೆಯಷ್ಟು ದೊಡ್ಡ ಚೆಕ್ ಫೋಟೊದಲ್ಲಿದೆ. ಅದನ್ನು ಬ್ಯಾಂಕು ತೆಗೆದುಕೊಳ್ಳುವುದಿಲ್ಲ.

ಕಳೆದರೆ ₹54,000 ನಷ್ಟ. ತಲೆಗೆ ₹10,800. ಇದು ಬಹುಮಾನ ಗೆದ್ದ ವರ್ಷದ ಲೆಕ್ಕ ಎಂಬುದು ನೆನಪಿರಲಿ. ಇದರಲ್ಲಿ ನಮ್ಮ ನಮ್ಮ ವಾದ್ಯಗಳ ಬೆಲೆ ಸೇರಿಲ್ಲ. ನನ್ನ ಕೀಬೋರ್ಡ್‌ಗೇ ₹28,000 ಆಗಿತ್ತು.

ಹತ್ತು ಸಾವಿರ ರೂಪಾಯಿ ಹವ್ಯಾಸಕ್ಕೆ ದೊಡ್ಡ ಮೊತ್ತವೇನಲ್ಲ ಎನ್ನುವವರು ಇದ್ದಾರೆ. ಇರಬಹುದು. ಆದರೆ ಐವರ ಮನೆಯ ಪರಿಸ್ಥಿತಿ ಒಂದೇ ಇರುವುದಿಲ್ಲ. ಒಬ್ಬನಿಗೆ ಅದು ಪಾಕೆಟ್ ಮನಿ, ಇನ್ನೊಬ್ಬನಿಗೆ ಒಂದೂವರೆ ತಿಂಗಳ ಪಿ.ಜಿ ಬಾಡಿಗೆ. ‘ಎಲ್ಲರೂ ಸಮಾನವಾಗಿ ಹಾಕೋಣ’ ಎಂಬ ಮಾತಿನಲ್ಲಿ ಎಲ್ಲರ ಭಾರವೂ ಸಮಾನವಲ್ಲ. ಕಷ್ಟವಿರುವವನು ಅದನ್ನು ಹೇಳಿಕೊಳ್ಳದೆ, ‘ಇವತ್ತು ಮೈ ಹುಷಾರಿಲ್ಲ’ ಎಂದು ಜ್ಯಾಮ್‌ಗೆ ಬರುವುದನ್ನೇ ನಿಲ್ಲಿಸುತ್ತಾನೆ.

ಕಂತು ಯಾರ ಹೆಸರಲ್ಲಿ?

ವಾದ್ಯದ ಬೆಲೆಗಿಂತ ದೊಡ್ಡ ಅಪಾಯ ಇರುವುದು ಸೇರಿ ಕೊಂಡ ವಸ್ತುವಿನಲ್ಲಿ. ಕಳೆದ ಆಗಸ್ಟ್‌ನಲ್ಲಿ ನಮ್ಮ ಬ್ಯಾಂಡ್‌ಗೆ ಒಂದು ಆ್ಯಂಪ್ಲಿಫೈಯರ್ ಮತ್ತು ಸಣ್ಣ ಮಿಕ್ಸರ್ ತಂದೆವು. ಬೆಲೆ ₹36,000. ಸಂಬಳವಿಲ್ಲದ ನಮಗೆ ಕಂತು ಕೊಡುವವರು ಯಾರು? ಗಿಟಾರ್ ನುಡಿಸುವ ಗೆಳೆಯನ ಅಕ್ಕ ತನ್ನ ಕ್ರೆಡಿಟ್ ಕಾರ್ಡ್ ಕೊಟ್ಟಳು. ಬಡ್ಡಿ ಸೇರಿ ತಿಂಗಳಿಗೆ ₹3,300ರಂತೆ ಹನ್ನೆರಡು ಕಂತು. ತಲೆಗೆ ₹660.

ಜನವರಿಯಲ್ಲಿ ಡ್ರಮ್ಮರ್ ಅಣ್ಣನಿಗೆ ಪುಣೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಅಂತಿಮ ವರ್ಷ, ಹೋಗಲೇಬೇಕು. ನಾವೇ ಬಸ್ಸು ಹತ್ತಿಸಿ ಬಂದೆವು. ಉಳಿದ ಏಳು ಕಂತುಗಳಲ್ಲಿ ಅವನ ಪಾಲು ₹4,620. ಅವನನ್ನು ಕೇಳುವುದು ಹೇಗೆ? ತಾನು ಬಳಸದ ಆ್ಯಂಪ್‌ಗೆ ಅವನು ಯಾಕೆ ಕೊಡಬೇಕು? ಅವನು ಆಗಲೇ ಕಟ್ಟಿದ ₹3,300 ವಾಪಸ್ ಕೊಡಬೇಕೇ? ಯಾರೂ ಬಾಯಿ ಬಿಡಲಿಲ್ಲ. ಅತ್ತ ತಿಂಗಳ ಐದನೇ ತಾರೀಖು ಬಂದರೆ ಅಕ್ಕನ ಫೋನು: ‘ಏನ್ರೋ, ಈ ತಿಂಗಳದ್ದು ಹಾಕಿದ್ರಾ?’ ಕಾರ್ಡ್ ಬಾಕಿ ತಡವಾದರೆ ದಂಡ ಬೀಳುವುದು ಅವಳಿಗೆ, ಕೆಡುವುದು ಅವಳ ಸಿಬಿಲ್ ಸ್ಕೋರ್. ವೇದಿಕೆ ಏರದ, ಒಂದು ಚಪ್ಪಾಳೆಯನ್ನೂ ಪಡೆಯದ ಅಕ್ಕ ನಮ್ಮ ಬ್ಯಾಂಡಿನ ಎಲ್ಲರಿಗಿಂತ ದೊಡ್ಡ ಅಪಾಯ ಹೊತ್ತಿದ್ದಳು.

ಕೊನೆಗೆ ಡ್ರಮ್ಮರ್ ಅಣ್ಣನೇ ಕಾಲ್ ಮಾಡಿ, ‘ಆ್ಯಂಪ್‌ನಲ್ಲಿ ನನ್ನ ಪಾಲು ಬೇಡ, ಮುಂದಿನ ಕಂತೂ ನನ್ನದಲ್ಲ, ಸರೀನಾ?’ ಎಂದ. ಉಳಿದ ನಾಲ್ವರು ತಿಂಗಳಿಗೆ ₹825 ಹಂಚಿಕೊಂಡೆವು. ಅವನು ಒಳ್ಳೆಯವನಾದ್ದರಿಂದ ಸುಲಭವಾಗಿ ಮುಗಿಯಿತು. ಎಲ್ಲ ಬ್ಯಾಂಡ್‌ಗಳಲ್ಲೂ ಹೀಗೆ ಮುಗಿಯುವುದಿಲ್ಲ.

ಕಾನೂನಿನ ಕಣ್ಣಲ್ಲಿ

ಈ ಪ್ರಕರಣದ ನಂತರ ಗ್ರಂಥಾಲಯದಲ್ಲಿ ಕುಳಿತು ಭಾರತೀಯ ಪಾಲುದಾರಿಕೆ ಕಾಯ್ದೆ, 1932 ತಿರುವಿ ಹಾಕಿದೆ. ಲಾಭ ಹಂಚಿಕೊಳ್ಳಲು ಒಪ್ಪಿ ಒಟ್ಟಾಗಿ ವ್ಯವಹಾರ ನಡೆಸುವವರು ಪಾಲುದಾರರು. ಅದಕ್ಕೆ ನೋಂದಣಿ ಕಡ್ಡಾಯವಲ್ಲ, ಲಿಖಿತ ಒಪ್ಪಂದವೂ ಬೇಕೆಂದಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಸಂಸ್ಥೆಯ ಸಾಲಕ್ಕೆ ಎಲ್ಲರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿಯೂ ಹೊಣೆ. ಅಂದರೆ ಕಾಸು ಪಡೆದು ಕಾರ್ಯಕ್ರಮ ಕೊಡುವ ಬ್ಯಾಂಡ್ ಬಾಡಿಗೆ ಸೌಂಡ್ ಸಿಸ್ಟಮ್ ಸುಟ್ಟುಹಾಕಿದರೆ, ಮಾಲೀಕರು ಐವರಲ್ಲಿ ದುಡ್ಡಿರುವ ಒಬ್ಬನನ್ನೇ ಹಿಡಿದು ಕೇಳಬಹುದು.

ಇದು ಪುಸ್ತಕದ ಮಾತಲ್ಲ ಎನ್ನುವುದಕ್ಕೆ ಇಂಗ್ಲೆಂಡಿನ ‘ದಿ ಸ್ಮಿತ್ಸ್’ ಬ್ಯಾಂಡಿನ ಕಥೆ ಸಾಕು. ಮ್ಯಾಂಚೆಸ್ಟರ್‌ನ ನಾಲ್ವರು ಹುಡುಗರು ಎಂಬತ್ತರ ದಶಕದಲ್ಲಿ ಕಟ್ಟಿದ ತಂಡ. ಹಾಡು ಬರೆಯುತ್ತಿದ್ದ ಇಬ್ಬರು ಧ್ವನಿಮುದ್ರಣ ಮತ್ತು ಪ್ರದರ್ಶನದ ಗಳಿಕೆಯಲ್ಲಿ ತಲಾ ಶೇ 40 ತೆಗೆದುಕೊಳ್ಳುತ್ತಿದ್ದರು. ಬೇಸ್ ಮತ್ತು ಡ್ರಮ್ಸ್‌ನವರಿಗೆ ತಲಾ ಶೇ 10. ಕಾಗದದ ಮೇಲೆ ಏನೂ ಇರಲಿಲ್ಲ. 1987ರಲ್ಲಿ ಬ್ಯಾಂಡ್ ಒಡೆಯಿತು. ಡ್ರಮ್ಮರ್ ಮೈಕ್ ಜಾಯ್ಸ್ ನ್ಯಾಯಾಲಯಕ್ಕೆ ಹೋದರು. ನಾವು ಪಾಲುದಾರರು, ನನಗೆ ಕಾಲು ಭಾಗ ಬರಬೇಕು ಎಂಬುದು ಅವರ ವಾದ. 1996ರಲ್ಲಿ ತೀರ್ಪು ಅವರ ಪರವಾಗಿ ಬಂತು. ಅಷ್ಟು ಹೊತ್ತಿಗೆ ಸ್ನೇಹ ಮುರಿದು ಒಂಬತ್ತು ವರ್ಷವಾಗಿತ್ತು. ನಮ್ಮ ಕಾಯ್ದೆಯ ಸಮಪಾಲಿನ ನಿಯಮವೂ ಇಂಗ್ಲೆಂಡಿನ ಆ ಕಾನೂನಿನ ಜಾಡಿನದೇ.

ಹಾಡು ಯಾರದು?

ಮೂರನೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಜ್ಯಾಮ್ ರೂಮಿನಲ್ಲಿ ಒಬ್ಬ ನಾಲ್ಕು ಸಾಲು ಬರೆದಿರುತ್ತಾನೆ, ಇನ್ನೊಬ್ಬಳು ರಾಗ ಹಾಕಿರುತ್ತಾಳೆ, ಮತ್ತೊಬ್ಬ ನಡುವಿನ ಗಿಟಾರ್ ತುಣುಕು ಕಟ್ಟಿರುತ್ತಾನೆ. ಎಲ್ಲರೂ ‘ನಮ್ಮ ಹಾಡು’ ಎನ್ನುತ್ತಾರೆ. ಆದರೆ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಸಾಹಿತ್ಯ ಬೇರೆ, ಸಂಗೀತ ಸಂಯೋಜನೆ ಬೇರೆ, ಧ್ವನಿಮುದ್ರಿಕೆ ಬೇರೆ; ಮೂರಕ್ಕೂ ಬೇರೆ ಬೇರೆ ಹಕ್ಕುದಾರರು ಇರಬಹುದು. ಯಾರು ಏನು ಮಾಡಿದರು ಎಂದು ಅಂದೇ ಬರೆದಿಡದಿದ್ದರೆ, ಹಾಡು ಹಿಟ್ ಆದ ದಿನ ಐವರಿಗೂ ಐದು ರೀತಿಯ ನೆನಪು.

ಕಂಪನಿಯೊಂದು ಮುಂಗಡ ಕೊಡುತ್ತೇವೆ ಎಂದು ಬಂದಾಗಲೂ ಅಷ್ಟೇ. ಮುಂಗಡ ಬಹುಮಾನವಲ್ಲ, ಸಾಮಾನ್ಯವಾಗಿ ಹಾಡಿನ ಗಳಿಕೆಯಿಂದ ಅದನ್ನು ಮುರಿದುಕೊಂಡ ಮೇಲೆಯೇ ನಿಮ್ಮ ಪಾಲು ಶುರು. ಹಕ್ಕು ವರ್ಗಾವಣೆ ಬರಹದಲ್ಲೇ, ಸಹಿಯೊಂದಿಗೇ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಅರ್ಥ. ಅದಕ್ಕೇ ಒಪ್ಪಂದಗಳಲ್ಲಿ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಪದಗಳನ್ನು ಸೇರಿಸಿರುತ್ತಾರೆ. ಸಹಿ ಹಾಕುವ ಮುನ್ನ ಬೆರಳಿಟ್ಟು ಹುಡುಕಬೇಕಾದ ಪದಗಳು ಇವೇ.

ಆ್ಯಪ್‌ನಲ್ಲಿ ಹಾಡು ಹಾಕಿದರೆ ದುಡ್ಡು ಬರುತ್ತದೆ ಎಂಬ ನಂಬಿಕೆಯೂ ಇದೆ. ಸ್ಪಾಟಿಫೈ 2024ರಿಂದ ನಿಯಮ ಬದಲಿಸಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿದ ಹಾಡಿಗಷ್ಟೇ ರಾಯಧನ. ನಮ್ಮ ₹32,000ದ ಹಾಡನ್ನು ಹನ್ನೊಂದು ತಿಂಗಳಲ್ಲಿ ಕೇಳಿದ್ದು 860 ಸಲ. ಗಳಿಕೆ ಸೊನ್ನೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಇರಬೇಕು, ಜೊತೆಗೆ ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ ಶಾರ್ಟ್ಸ್‌ಗೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ ಆಗಬೇಕು. ಸಿನಿಮಾ ಹಾಡನ್ನು ನುಡಿಸಿ ಹಾಕಿದರೆ ಮೂಲ ಹಕ್ಕುದಾರರು ಜಾಹೀರಾತಿನ ದುಡ್ಡನ್ನು ತಮ್ಮ ಕಡೆ ತಿರುಗಿಸಿಕೊಳ್ಳಬಹುದು.

‘ಎಕ್ಸ್‌ಪೋಷರ್ ಸಿಗುತ್ತೆ’

ಈ ಮಾತು ಕೇಳಿದೊಡನೆ ಜೇಬು ಮುಟ್ಟಿ ನೋಡಿಕೊಳ್ಳಿ. ‘ಸಂಭಾವನೆ ಇಲ್ಲ, ಆದರೆ ದೊಡ್ಡ ಜನ ಬರ್ತಾರೆ’ ಎನ್ನುವವರು ಒಂದು ಬಗೆ. ಇನ್ನೊಂದು ಬಗೆಯವರು ಬ್ಯಾಂಡ್ ಕೈಗೇ ಟಿಕೆಟ್ ಕಟ್ಟು ಕೊಡುತ್ತಾರೆ. ನಮಗೊಬ್ಬ ಆಯೋಜಕರು ₹300ರ 40 ಟಿಕೆಟ್ ಮಾರಿಕೊಡಿ, ಮಾರಾಟವಾಗದ್ದನ್ನು ನೀವೇ ತುಂಬಿ ಎಂದಿದ್ದರು. ಅಂದರೆ ₹12,000ದ ಹೊಣೆ ನಮ್ಮದು, ವೇದಿಕೆ ಅವರದು. ನಾವು ಒಪ್ಪಲಿಲ್ಲ. ಒಪ್ಪಿದ ಇನ್ನೊಂದು ತಂಡದವರು ಕೊನೆಗೆ ಹಾಸ್ಟೆಲ್‌ನ ಗೆಳೆಯರಿಗೆ ಟಿಕೆಟ್ ಪುಕ್ಕಟೆ ಹಂಚಿ ತಾವೇ ದುಡ್ಡು ಕಟ್ಟಿದರು.

ಈ ವಿಷಯದಲ್ಲಿ ನಮ್ಮ ಆರ್ಕೆಸ್ಟ್ರಾ ಕಲಾವಿದರು ಜಾಣರು. ಗಣೇಶನ ಹಬ್ಬ, ರಾಜ್ಯೋತ್ಸವದ ಸೀಸನ್‌ನಲ್ಲಿ ಊರೂರು ಸುತ್ತುವ ಅಂಥ ಒಬ್ಬ ಹಿರಿಯರನ್ನು ಕೇಳಿದೆ. ‘ಮುಂಗಡ ಇಲ್ಲದೆ ವ್ಯಾನ್ ಹತ್ತಬೇಡಪ್ಪ. ಉಳಿದಿದ್ದನ್ನ ಕೊನೇ ಹಾಡಿಗೆ ಮೊದಲೇ ಇಸ್ಕೋ’ ಎಂದರು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಆಯೋಜಕರು ಅತಿಥಿಗಳ ಭಾಷಣಕ್ಕೆ ಹೊತ್ತು ಕಳೆದು ನಿಮ್ಮ ಕಾರ್ಯಕ್ರಮ ಅರ್ಧಕ್ಕೆ ನಿಂತರೆ, ಅರ್ಧ ದುಡ್ಡು ಎಂಬ ತಕರಾರು ಬರುವುದು ಆಮೇಲೆಯೇ.

ಹಣಕ್ಕಿಂತ ದುಬಾರಿ ಇನ್ನೊಂದಿದೆ: ಹಾಜರಿ. ವಿಟಿಯು ಕೇಳುವುದು ಶೇ 85. ಮೂರು ಫೆಸ್ಟ್‌ಗೆ ಹೋದರೆ ಪ್ರಯಾಣ ಸೇರಿ ಒಂಬತ್ತು ದಿನ ಹೋಗುತ್ತದೆ. ಬ್ಯಾಕ್‌ಲಾಗ್ ಇದ್ದವರನ್ನು ಕ್ಯಾಂಪಸ್ ಸಂದರ್ಶನಕ್ಕೇ ಕೂರಿಸದ ಕಂಪನಿಗಳು ಹಲವು. ಆ ನಷ್ಟವನ್ನು ಯಾವ ಬಹುಮಾನವೂ ತುಂಬುವುದಿಲ್ಲ.

ಹಾಗಾದರೆ ಬೇಡವೇ?

ಬೇಡ ಎಂದು ಹೇಳಲು ಇಷ್ಟೆಲ್ಲ ಬರೆದಿಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’ ಬ್ಯಾಂಡ್ ಮುಂದೆ ಸಂಗೀತ ಕಲಿಸುವ ಶಾಲೆಯನ್ನೂ ತೆರೆಯಿತು. ಮೈಕ್ರೊಬಯಾಲಜಿ ಎಂ.ಎಸ್ಸಿ ಓದಿದ ರಘು ದೀಕ್ಷಿತ್ ಕೆಲಸವನ್ನೂ ಮಾಡಿದವರು; ಅವರ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ಅವರು ಮೂವತ್ತು ದಾಟಿದ ಮೇಲೆ. ಕಾಯಲು ಬೇಕಾದ ಅನ್ನದ ದಾರಿಯೊಂದು ಜೊತೆಗಿದ್ದರೆ ಹಾಡು ಉಳಿಯುತ್ತದೆ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಫೆಬ್ರುವರಿಯಲ್ಲಿ ನಾವು ನಾಲ್ವರು ಮತ್ತು ಹೊಸ ಡ್ರಮ್ಮರ್ ಕ್ಯಾಂಟೀನ್‌ನಲ್ಲಿ ಕುಳಿತು ಒಂದು ಎ4 ಹಾಳೆ ತುಂಬಿಸಿದೆವು. ವಾದ್ಯ ಅವರವರದು, ರಿಪೇರಿಯೂ ಅವರವರದು. ಸೇರಿ ಕೊಂಡ ವಸ್ತುವಿನ ಪಟ್ಟಿ, ಬೆಲೆ, ಬಿಲ್ಲಿನ ಫೋಟೊ ಇರಬೇಕು. ಬಿಟ್ಟು ಹೋಗುವವರು ಒಂದು ತಿಂಗಳು ಮೊದಲು ತಿಳಿಸಬೇಕು. ಅವರ ಪಾಲಿನ ಲೆಕ್ಕ ಅಂದಿನ ಸೆಕೆಂಡ್‌ಹ್ಯಾಂಡ್ ಬೆಲೆಗೆ. ಬೇರೆಯವರ ಕಾರ್ಡಿನಲ್ಲಿ ಕಂತು ಇಲ್ಲ. ಪ್ರತಿ ಹಾಡಿಗೂ ಸಾಹಿತ್ಯ ಯಾರದು, ರಾಗ ಯಾರದು ಎಂದು ತಾರೀಖಿನ ಸಮೇತ ಬರೆಯಬೇಕು. ಗಳಿಕೆಯಲ್ಲಿ ಮೊದಲು ಖರ್ಚು ಕಳೆದು ಉಳಿದದ್ದು ಸಮಪಾಲು. ಅರ್ಧ ಮುಂಗಡ ಬಾರದೆ ಪ್ರಯಾಣದ ಟಿಕೆಟ್ ಮಾಡುವಂತಿಲ್ಲ. ಒಂದು ತಿಂಗಳು ಹಾಕಲಾಗದವರು ಕಾರಣ ಹೇಳಬೇಕಿಲ್ಲ, ‘ಈ ಸಲ ಆಗಲ್ಲ’ ಎಂದರೆ ಸಾಕು. ಕೊನೆಯದನ್ನು ಸೇರಿಸಿದ್ದು ನಮ್ಮ ಬೇಸ್ ಗಿಟಾರಿಸ್ಟ್. ಅವನು ಯಾಕೆ ಹೇಳಿದ ಎಂದು ಯಾರೂ ಕೇಳಲಿಲ್ಲ.

ಈ ವರ್ಷದ ನಮ್ಮ ಬಜೆಟ್ ತಲೆಗೆ ₹6,000. ಜ್ಯಾಮ್ ಎರಡು ವಾರಕ್ಕೊಮ್ಮೆ, ದೂರದ ಫೆಸ್ಟ್ ಎರಡೇ, ರೆಕಾರ್ಡಿಂಗ್ ಇಲ್ಲ. ಆ್ಯಂಪ್‌ನ ಕೊನೆಯ ಕಂತು ಜುಲೈನಲ್ಲಿ ಮುಗಿಯುತ್ತದೆ. ಮುಗಿದ ದಿನ ಅಕ್ಕನಿಗೆ ಊಟ ಹಾಕಿಸಬೇಕು ಎಂಬ ಖರ್ಚನ್ನೂ ಪುಸ್ತಕದಲ್ಲಿ ಬರೆದಾಗಿದೆ. ನಿಮ್ಮನ್ನೂ ಯಾರಾದರೂ ‘ಬ್ಯಾಂಡ್‌ಗೆ ಬರ್ತೀಯಾ?’ ಎಂದು ಕರೆದರೆ ಖಂಡಿತ ಹೋಗಿ. ಹೋಗುವಾಗ ಒಂದು ಖಾಲಿ ಹಾಳೆ, ಒಂದು ಪೆನ್ನು ಜೊತೆಗಿರಲಿ.