ಮದುವೆಯ ವೈಭವ: ಒಂದು ಸಾಮಾಜಿಕ ವಿವೇಚನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಮದುವೆಯ ವೆಚ್ಚವು ಮನೆತನವನ್ನು ಬಳಲಿಸುವುದೆಂದು ತಿಳಿದಿದ್ದರೂ, ಮಿತವ್ಯಯದಲ್ಲಿ ಪಳಗಿದ ಗೃಹಸ್ಥನು ಸಹ ಮಗಳ ಮದುವೆಯಲ್ಲಿ ಕೈಬಿಚ್ಚುತ್ತಾನೆ, ಸಾಲಕ್ಕೂ ಹಿಂಜರಿಯುವುದಿಲ್ಲ. ಇದನ್ನು ಅವಿವೇಕವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ವಿವರಣೆಯಾಗಲಾರದು. ಈ ವ್ಯಯದಿಂದ ಕುಟುಂಬವು ಪಡೆಯುವುದೇನೆಂಬುದನ್ನು ವಿಚಾರಿಸುವುದು ಯುಕ್ತ.

ಮೊದಲನೆಯದು ಸಾಕ್ಷ್ಯ. ದಾಖಲೆಪತ್ರಗಳಿಲ್ಲದ ಕಾಲದಲ್ಲಿ ಮದುವೆಗೆ ನೆರೆದ ಜನವೇ ಅದಕ್ಕೆ ಪ್ರಮಾಣ. ಚಪ್ಪರ, ಓಲಗ, ದಿಬ್ಬಣಗಳೆಲ್ಲವೂ ಊರಿಗೆ ಸಾರಿದ ಪ್ರಕಟಣೆಗಳೇ ಆಗಿದ್ದವು. 1955ರ ಹಿಂದೂ ವಿವಾಹ ಅಧಿನಿಯಮವು ಸಹ ವಿವಾಹದ ನೆಲೆಯನ್ನು ಆಚಾರವಿಧಿಗಳಲ್ಲಿಯೇ ಕಂಡಿತು. ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿದ್ದು 2006ರಲ್ಲಿ. ಆದರೆ ಸಾಕ್ಷ್ಯಕ್ಕೆ ಜನರಿದ್ದರೆ ಸಾಕು. ವೈಭವಕ್ಕೆ ಬೇರೆ ಕಾರಣವಿರಬೇಕು.

ಎರಡನೆಯದು ಮುಯ್ಯಿ. ಮದುವೆಗೆ ಬಂದವರು ಕೊಟ್ಟ ಹಣವನ್ನು ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸುವುದು ನಮ್ಮ ಹಳ್ಳಿಗಳ ವಾಡಿಕೆ. ಚಪ್ಪರಕ್ಕೂ ಅಡುಗೆಗೂ ನೆಂಟರಿಷ್ಟರ ಕೈಗಳೇ ಒದಗುತ್ತಿದ್ದವು. ಉಂಡವನು ಉಣಿಸಲೇಬೇಕು. ಒಬ್ಬನು ಮಾತ್ರ ಕೈ ಹಿಂದೆಗೆದರೆ ಅದು ಮಿತವ್ಯಯವೆನಿಸದೆ ಋಣ ತೀರಿಸದ ದೋಷವೆನಿಸುತ್ತದೆ.

ಮೂರನೆಯದು ಪ್ರತಿಷ್ಠೆ. ಕಣ್ಣಿಗೆ ಕಾಣುವ ವ್ಯಯದಿಂದಲೇ ಮನ್ನಣೆ ದೊರೆಯುವುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರಲ್ಲಿ ಪ್ರತಿಪಾದಿಸಿದನು. ಆದರೆ ಅದು ಮದುವೆಯಲ್ಲಿಯೇ ಇಷ್ಟು ಪ್ರಬಲವಾಗುವುದೇಕೆ? ಫ್ರಾನ್ಸಿಸ್ ಬ್ಲಾಕ್, ವಿಜಯೇಂದ್ರ ರಾವ್, ಸೊನಾಲ್ಡೆ ದೇಸಾಯಿ ಇವರು ದಕ್ಷಿಣ ಭಾರತದ ಗ್ರಾಮಗಳನ್ನು ಕುರಿತು 2004ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೊಂದು ಉತ್ತರವನ್ನು ಸೂಚಿಸುತ್ತದೆ. ಪರಸ್ಥಳದ ಹೊಸ ಬೀಗರ ಯೋಗ್ಯತೆಯನ್ನು ಊರವರು ಅರಿಯರು. ಅದನ್ನು ಅವರಿಗೆ ಮನಗಾಣಿಸುವ ಸಾಧನವೆಂದರೆ ಎಲ್ಲರೂ ಕಾಣುವ ಸಮಾರಂಭ. “ನಾವು ಸೇರಿದ್ದು ಒಳ್ಳೆಯ ಮನೆತನವನ್ನು” ಎಂಬುದೇ ಅದರ ಅರ್ಥ. ಬೀಗರು ಚಿರಪರಿಚಿತರಾಗಿದ್ದರೆ ಇಂಥ ಘೋಷಣೆಯ ಅಗತ್ಯವು ಕಡಿಮೆ.

ಈ ಮೂರು ಕಾರಣಗಳ ಪರಸ್ಪರ ತೂಕವು ಈಗ ಬದಲಾಗಿದೆ. ನೆಂಟರ ದುಡಿಮೆಯ ಸ್ಥಾನದಲ್ಲಿ ಬಾಡಿಗೆಯ ಕಲ್ಯಾಣಮಂಟಪವೂ ಗುತ್ತಿಗೆಯ ಅಡುಗೆಯೂ ಬಂದಿವೆ. ಲಗ್ನಪತ್ರಿಕೆಗಳಲ್ಲಿ “ಆಶೀರ್ವಾದವೇ ಉಡುಗೊರೆ” ಎಂಬ ಒಕ್ಕಣೆ ಸಾಮಾನ್ಯವಾಗಿದೆ. ಇದು ಸೌಜನ್ಯವೇ ಸರಿ. ಆದರೆ ಮುಯ್ಯಿ ಹೋಗಿ ಔತಣ ಮಾತ್ರ ಉಳಿದಾಗ, ಹಿಂದೆ ಹಲವು ಮನೆಗಳು ಹಂಚಿಕೊಳ್ಳುತ್ತಿದ್ದ ಹೊರೆಯು ಒಂದೇ ಮನೆಯ ಮೇಲೆ, ಬಹುಮಟ್ಟಿಗೆ ಹೆಣ್ಣಿನ ಮನೆಯ ಮೇಲೆ, ಬೀಳುತ್ತದೆ. 1961ರ ವರದಕ್ಷಿಣೆ ನಿಷೇಧ ಅಧಿನಿಯಮವಿದ್ದರೂ, “ಮದುವೆ ಚೆನ್ನಾಗಿ ಮಾಡಿಕೊಡಿ” ಎಂಬ ಬೀಗರ ಸಾಧು ಮಾತಿನ ಭಾರವನ್ನು ಹೆಣ್ಣು ಹೆತ್ತವರೇ ಬಲ್ಲರು.

ಆದುದರಿಂದ ವ್ಯಕ್ತಿಗಳಿಗೆ ಮಿತವ್ಯಯವನ್ನು ಬೋಧಿಸುವುದಷ್ಟೇ ಸಾಲದು. ಸರಳತೆಯು ಬಡತನದ ಗುರುತಾಗಿ ತೋರುವವರೆಗೆ ಅದನ್ನು ಒಪ್ಪುವವರು ಕೆಲವರೇ. ಕುವೆಂಪು ಅವರು ರೂಪಿಸಿದ ‘ಮಂತ್ರಮಾಂಗಲ್ಯ’ದ ಮಹತ್ತ್ವವಿರುವುದು ಇಲ್ಲಿಯೇ. 1966ರಲ್ಲಿ ಅವರ ಪುತ್ರ ಪೂರ್ಣಚಂದ್ರ ತೇಜಸ್ವಿಯವರ ವಿವಾಹವು ಈ ವಿಧಾನದಲ್ಲಿ ನಡೆಯಿತು. ಅಲ್ಲಿ ಆಡಂಬರವು ಹೋಯಿತೇ ಹೊರತು ಸಾಕ್ಷಿಗಳ ಸಮ್ಮುಖದ ಪ್ರತಿಜ್ಞೆ ಹೋಗಲಿಲ್ಲ. ಸರಳತೆಗೆ ತತ್ತ್ವದ ಗೌರವವು ದೊರೆಯಿತು. ಸರಳ ವಿವಾಹಕ್ಕೆ ಇಂಥ ಗೌರವವನ್ನು ದೊರಕಿಸುವ ಹೊಣೆಯು ವೆಚ್ಚಕ್ಕೆ ಅಂಜುವ ಬಡವನದಲ್ಲ. ವೆಚ್ಚ ಮಾಡುವ ಶಕ್ತಿಯಿದ್ದೂ ಅದನ್ನು ತೊರೆಯಬಲ್ಲ ಅನುಕೂಲಸ್ಥರದು.