‘ಕೇಳು’ ಒಂದೇ, ಇಂಗ್ಲಿಷಿನಲ್ಲಿ ಮೂರು!

ಕಳೆದ ಮಳೆಗಾಲದ ಒಂದು ಸಂಜೆ. ವಾಮಂಜೂರಿನ ನಮ್ಮ ಮನೆಯಂಗಳದ ಶೀಟಿನ ಮೇಲೆ ಮಳೆಯ ಅಬ್ಬರ. ಅದೇ ಹೊತ್ತಿಗೆ ಮಗನ ಕ್ಲಾಸ್ ಟೀಚರ್ ಫೋನ್. ಅವರ ಮಾತು ಒಂದೂ ಕೇಳಿಸದೆ, ‘ಐ ಕಾಂಟ್ ಲಿಸನ್ ಟು ಯು’ ಎಂದುಬಿಟ್ಟೆ. ಆಚೆ ಕಡೆ ಮೌನ. ಆರನೇ ಕ್ಲಾಸಿನ ಮಗ ಫೋನ್ ಕಸಿದುಕೊಂಡ. ಆಮೇಲೆ ಹೇಳಿದ್ದೇನು ಗೊತ್ತೇ? ‘ಅಮ್ಮಾ, ಇನ್ನು ಮೀಟಿಂಗಿಗೆ ಅಪ್ಪನೇ ಬರಲಿ.’

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನೂ ಬಿ.ಎ. ಓದಿದವಳೇ! ‘ನಿಮ್ಮ ಮಾತು ಕೇಳಿಸುತ್ತಿಲ್ಲ’ ಎನ್ನಲು ಹೋಗಿ, ‘ನಿಮ್ಮ ಮಾತಿಗೆ ಕಿವಿಗೊಡಲು ನನ್ನಿಂದಾಗದು’ ಎಂದಿದ್ದೆ.

ಆದರೆ ಇದು ದಡ್ಡತನವಲ್ಲ ಮಾರಾಯ್ರೆ. ಕನ್ನಡದ ಒಂದೇ ಪದದ ಕೆಲಸವನ್ನು ಇಂಗ್ಲಿಷಿನಲ್ಲಿ ಎರಡು ಮೂರು ಪದಗಳು ಹಂಚಿಕೊಂಡಿವೆ. ಆ ಹಂಚಿಕೆ ತಿಳಿದರೆ ಅರ್ಧ ಗೊಂದಲ ಮಾಯ.

* ಕೇಳು: ಪ್ರಶ್ನೆ ಕೇಳಿದರೆ ಆಸ್ಕ್. ಕುಕ್ಕರಿನ ಸೀಟಿ ತಾನಾಗಿ ಕಿವಿಗೆ ಬಿದ್ದರೆ ಹಿಯರ್. ರೇಡಿಯೋ ಹಾಡಿಗೆ ಗಮನವಿಟ್ಟು ಕಿವಿಗೊಟ್ಟರೆ ‘ಲಿಸನ್ ಟು’.

* ನೋಡು: ಕಣ್ಣಿಗೆ ಬಿದ್ದರೆ ಸೀ. ಬೇಕೆಂದೇ ದೃಷ್ಟಿ ಹಾಯಿಸಿದರೆ ‘ಲುಕ್ ಅಟ್’. ಕುಳಿತು ಧಾರಾವಾಹಿ ನೋಡಿದರೆ ವಾಚ್.

* ಹೇಳು: ಯಾರಿಗೆ ಎಂಬುದು ಪಕ್ಕದಲ್ಲೇ ಬಂದರೆ ಟೆಲ್. ‘ಹಿ ಟೋಲ್ಡ್ ಮಿ’ ಸರಿ, ‘ಹಿ ಸೆಡ್ ಮಿ’ ತಪ್ಪು. ಸೇ ಬಳಸಿದರೆ ‘ಹಿ ಸೆಡ್ ಟು ಮಿ’ ಎನ್ನಬೇಕು.

* ಎರವಲು: ಪಕ್ಕದ ಮನೆಯ ಕೊಡೆ ನಾವು ತಂದರೆ ಬಾರೋ. ನಮ್ಮ ಕೊಡೆ ಅವರಿಗೆ ಕೊಟ್ಟರೆ ಲೆಂಡ್. ಎರಡರಲ್ಲೂ ಕೊಡೆ ವಾಪಸ್ ಬರಬೇಕು!

ಬರೆಯುವಾಗ ಕೈಕೊಡುವ ಜೋಡಿಯೂ ಒಂದಿದೆ. ಬಳೆ ಸಡಿಲವಾದರೆ ‘ಲೂಸ್’, ಸ್ಪೆಲ್ಲಿಂಗಿನಲ್ಲಿ ಎರಡು ‘ಒ’. ಕಳೆದುಕೊಂಡರೆ ‘ಲೂಝ್’, ಒಂದೇ ‘ಒ’. ಬಳೆಯ ಜೊತೆ ಒಂದು ‘ಒ’ ಕೂಡ ಕಳೆದುಹೋಯಿತೆಂದು ನೆನಪಿಡಿ.

ನಾನು ಮಾಡಿದ್ದಿಷ್ಟೇ. ವಾರಕ್ಕೊಂದು ಪದದ ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಅಡುಗೆ ಮಾಡುತ್ತಲೇ ದಿನಕ್ಕೆರಡು ವಾಕ್ಯ ಗಟ್ಟಿಯಾಗಿ ಹೇಳಿದೆ. ತಿದ್ದುವ ಕೆಲಸ ಮಗನಿಗೇ ವಹಿಸಿದೆ. ಮೊದಮೊದಲು ನಗುತ್ತಿದ್ದವ, ಕ್ರಮೇಣ ತನ್ನ ತಪ್ಪನ್ನೂ ನನ್ನ ಬಳಿ ಕೇಳತೊಡಗಿದ.

ಪರಭಾಷೆ ಕಲಿಯಲು ನಾಚಿಕೆಯೇಕೆ? ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ನಮ್ಮ ಭಾಷೆ ಕಲಿತು, ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲೇ. ಅವರೂ ಒಂದೊಂದೇ ಪದ ಕೇಳಿ ತಿಳಿದವರಲ್ಲವೇ?

ಮುಂದಿನ ಮೀಟಿಂಗಿಗೆ ನಾನೇ ಹೋದೆ. ಗದ್ದಲದಲ್ಲಿ ಟೀಚರ್ ಹೇಳಿದ್ದು ಕಿವಿಗೆ ಬೀಳಲಿಲ್ಲ. ‘ಸಾರಿ ಟೀಚರ್, ಐ ಡಿಡಂಟ್ ಹಿಯರ್ ಯು’ ಎಂದೆ. ಅವರು ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಮಗ ಗಣಿತದಲ್ಲಿ ಹಿಂದುಳಿದಿದ್ದಾನೆಂದು ನನಗೆ ಗೊತ್ತಾದದ್ದೇ ಆಗ. ಸುಮ್ಮನೆ ತಲೆಯಾಡಿಸಿ ಬಂದಿದ್ದರೆ?

ಹೇಳಿ, ಈ ವಾರ ನಿಮ್ಮ ಫ್ರಿಜ್ ಬಾಗಿಲಿಗೆ ಯಾವ ಪದ?