ಅಂಕ ಬಂದಿತು, ವಿದ್ಯೆ ಬಂದಿತೆ?

ಪರೀಕ್ಷೆಯ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: “ಎಷ್ಟು ಬಂತು?” “ಏನು ಬಂತು?” ಎಂದು ಕೇಳುವವರು ವಿರಳ.

ಅರಕಲಗೂಡಿನ ಕಡೆಯ ಹುಡುಗನೊಬ್ಬ ಹೈಸ್ಕೂಲಿನಲ್ಲಿ ನನ್ನಲ್ಲಿ ಕನ್ನಡ ಕಲಿತವನು. ಹಾಸನದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ಒಂದು ಭಾನುವಾರ ನಮ್ಮ ಮನೆಗೆ ಬಂದ. ಆಲೂಗಡ್ಡೆಗೆ ಅಂಗಮಾರಿ ಬಿದ್ದು ಹೊಲವೆಲ್ಲ ಸುಟ್ಟಂತಾಗಿದೆ ಎಂದು ಸಂಕಟಪಟ್ಟ. “ಸಸ್ಯಶಾಸ್ತ್ರ ಓದುತ್ತೀಯಲ್ಲಪ್ಪ, ಅದೇನು ರೋಗ?” ಎಂದೆ. “ಅದು ನಮ್ಮ ಪಾಠದಲ್ಲಿಲ್ಲ, ಮೇಷ್ಟ್ರೆ” ಎಂದ. ಪಾಠದಲ್ಲಿ ಇದ್ದಿತು! ಫೈಟಾಫ್ತೊರ ಇನ್‌ಫೆಸ್ಟಾನ್ಸ್ ಎಂಬ ಹೆಸರಿನಲ್ಲಿ, ಚಿತ್ರಸಮೇತ, ಅವನ ನೋಟ್ಸಿನಲ್ಲೇ ಇದ್ದಿತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ ಮಹಾಕ್ಷಾಮಕ್ಕೆ ಕಾರಣವಾದ ಜೀವಿಯೂ ಅದೇ. ರೋಗ ತಗಲಿದ ಗೆಡ್ಡೆಯಿಂದ ಅದು ಮರುವರ್ಷಕ್ಕೂ ಸಾಗುತ್ತದೆ. ಮೋಡ, ತಂಪು, ಜಡಿಮಳೆಯಲ್ಲಿ ಹಬ್ಬುತ್ತದೆ. ಇದನ್ನೆಲ್ಲ ಬಾಯಿಪಾಠ ಮಾಡಿ ಅಂಕ ಪಡೆದಿದ್ದ ಮಗ, ತಂದೆ ಬಿತ್ತನೆಗೆಡ್ಡೆ ಕೊಳ್ಳುವಾಗ ಪಕ್ಕದಲ್ಲೇ ನಿಂತಿದ್ದನಂತೆ; ಒಂದು ಮಾತೂ ಆಡಲಿಲ್ಲ.

ಹುಡುಗ ದಡ್ಡನಲ್ಲ. “ಟಿಪ್ಪಣಿ ಬರೆಯಿರಿ” ಎಂದು ಕೇಳಿದರು, ಬರೆದ. “ನಿಮ್ಮ ತಾಲ್ಲೂಕಿನಲ್ಲಿ ವಾರವಿಡೀ ಜಡಿಮಳೆ ಹಿಡಿದಿದೆ, ಆಲೂಗಡ್ಡೆ ಹಾಕಿದ ರೈತನಿಗೆ ಏನು ಹೇಳುವಿರಿ?” ಎಂದು ಕೇಳಿದ್ದರೆ ಅವನು ಓದುವ ಬಗೆಯೇ ಬೇರೆಯಾಗುತ್ತಿತ್ತು. ಪರೀಕ್ಷೆ ಹೇಗೋ ಓದು ಹಾಗೆ.

ಇದು ಹೊಸ ಮಾತಲ್ಲ. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು 1949ರಲ್ಲೇ, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಾದರೆ ಅದು ಪರೀಕ್ಷೆಯದಾಗಲಿ ಎಂಬರ್ಥದ ಮಾತು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ನಿರಂತರ ಮೌಲ್ಯಮಾಪನ ಬೇಕೆಂದಿತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಬಹುಕಾಲವಿದ್ದ ನಮ್ಮ ಜಿಲ್ಲೆಗೆ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವೇ ಬಂದಿತು. ಆದರೆ ಫಲಕ ಬದಲಾದ ಮಾತ್ರಕ್ಕೆ ಪ್ರಶ್ನೆಪತ್ರಿಕೆ ಬದಲಾಗದು.

ವಿದ್ಯೆಯ ಕಾಲು ಪಾಲು ಗುರುವಿನಿಂದ, ಕಾಲು ಪಾಲು ಸ್ವಂತ ಬುದ್ಧಿಯಿಂದ, ಕಾಲು ಪಾಲು ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಿಂದ ಬರುತ್ತದೆ ಎಂದು ಹಿಂದಿನವರು ಲೆಕ್ಕ ಹಾಕಿದ್ದರು. ನಾವು ಮೊದಲನೆಯ ಪಾಲನ್ನಷ್ಟೇ ಹಿಡಿದುಕೊಂಡು, ಅದನ್ನೂ ನೋಟ್ಸು ಹೇಳಿ ಬರೆಸುವುದಕ್ಕೆ ಇಳಿಸಿದ್ದೇವೆ.

ಉಳಿದ ಪಾಲುಗಳಿಗೆ ಎಡೆ ಮಾಡುವುದು ಕಷ್ಟವಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಎಷ್ಟು ಸಾಲು ಎಂದರೆ 16 ಎಂದು ಯಾರೂ ಹೇಳಿಯಾರು. ಅದರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಶಾಸನವನ್ನು ಓದಲೇಬೇಕು. ಚನ್ನರಾಯಪಟ್ಟಣದ ವಿದ್ಯಾರ್ಥಿಗಳಿಗೆ ಅವರ ತಾಲ್ಲೂಕಿನ ಶ್ರವಣಬೆಳಗೊಳದಲ್ಲೇ ಐನೂರಕ್ಕೂ ಹೆಚ್ಚು ಶಾಸನಗಳುಂಟು. ನಾಲ್ವರು ಸೇರಿ ಒಂದನ್ನು ಓದಿ ಬರಲಿ. ಹೊಳೆನರಸೀಪುರದವರು ಊರ ಪಕ್ಕದ ಹೇಮಾವತಿಯ ನೀರನ್ನು ಪ್ರಯೋಗಶಾಲೆಗೆ ತಂದು ಪರೀಕ್ಷಿಸಲಿ.

ಇದಕ್ಕಿಂತ ಮುಖ್ಯವಾದದ್ದು, ತಿದ್ದಿದ ಕಾಗದ ಬೇಗ ಹಿಂದಿರುಗುವುದು. ಆಂತರಿಕ ಮೌಲ್ಯಮಾಪನ ಇರುವುದು ಇದಕ್ಕಾಗಿಯೇ. ವಾರದೊಳಗೆ ಕೈಸೇರಿ, ಎಲ್ಲಿ ತಪ್ಪಿತೆಂದು ಒಂದು ಸಾಲು ಬರೆದಿದ್ದು, ಮತ್ತೊಮ್ಮೆ ಬರೆಯಲು ಅವಕಾಶವಿದ್ದರೆ ಆ ಪರೀಕ್ಷೆಯೇ ಪಾಠ. ಬರಿಯ ಅಂಕ ಮಾತ್ರ ಬಂದರೆ, ಅದು ರೋಗಿಗೆ ಜ್ವರದ ಡಿಗ್ರಿ ಹೇಳಿ ಔಷಧ ಕೊಡದೆ ಕಳುಹಿಸಿದಂತೆ.

ತೊಡಕುಗಳೂ ಉಂಟು. ತರಗತಿ ದೊಡ್ಡದು, ಅತಿಥಿ ಉಪನ್ಯಾಸಕರಿಗೆ ನಾಳೆಯ ಭರವಸೆಯಿಲ್ಲ, ಒಳಗಿನ ಅಂಕದಲ್ಲಿ ದಾಕ್ಷಿಣ್ಯ ನುಸುಳೀತೆಂಬ ಭಯ. ಎಲ್ಲ ಕಾಗದಗಳನ್ನೂ ತಿದ್ದಲಾಗದಿದ್ದರೆ ಬಹುಮಂದಿ ಮಾಡಿದ ಮೂರು ತಪ್ಪುಗಳನ್ನು ಹಲಗೆಯ ಮೇಲೆ ಬರೆದು ಚರ್ಚಿಸಬಹುದು. ತಿದ್ದಿದ ಕಾಗದ ಎಲ್ಲರ ಕಣ್ಣಿಗೂ ಬೀಳುವಂತಿದ್ದರೆ ದಾಕ್ಷಿಣ್ಯ ತಾನಾಗಿ ಕುಗ್ಗುತ್ತದೆ. ಅಧ್ಯಾಪಕರಿಗೆ ನೆಲೆ ಕೊಡುವುದು ಮಾತ್ರ ಸರ್ಕಾರದ ಹೊಣೆ.

ಮನೆಯವರಾದ ನಾವು ಮಾಡತಕ್ಕದ್ದೂ ಒಂದಿದೆ. ಮುಂದಿನ ಸಲ ಮಕ್ಕಳು ಕಾಲೇಜಿನಿಂದ ಬಂದಾಗ “ಎಷ್ಟು ಬಂತು?” ಎನ್ನುವ ಮೊದಲು, “ಎಲ್ಲಿ ತಪ್ಪಿತು, ಯಾರು ತಿದ್ದಿದರು?” ಎಂದು ಕೇಳೋಣ. ಆ ಹುಡುಗನ ಮನೆಯ ಒಂದು ವರ್ಷದ ಬೆಳೆ ಹೋಯಿತು. ಮರುವರ್ಷ ಬಿತ್ತನೆಗೆಡ್ಡೆಯನ್ನು ಆರಿಸಿದವನು ಅವನೇ.